ಗುಂಡಗಾದ ಬೋಲ್ಟಿಗೆ ಉಳಿ ಹೊಡೆಯಬೇಡಿ

ಸಂಪಾದಕರೇ,

ಹೋದ ತಿಂಗಳು ಜಾಯಿಂಟ್ ಕ್ರಾಸ್ (ಪ್ರೊಪೆಲ್ಲರ್ ಶಾಫ್ಟಿನ ತುದಿಯ ಕೀಲಿನಲ್ಲಿರುವ ಶಿಲುಬೆಯಾಕಾರದ ಭಾಗ) ಬದಲಿಸಲು ನಮ್ಮ ಜೀಪನ್ನು ಒಂದು ಗ್ಯಾರೇಜಿಗೆ ಬಿಟ್ಟಿದ್ದೆ. ಎಂಜಿನ್ನಿನ ಶಕ್ತಿಯನ್ನು ಚಕ್ರಗಳ ಕಡೆಗೆ ಒಯ್ಯುವ ಈ ಶಾಫ್ಟಿನ ನಾಲ್ಕೂ ಬೋಲ್ಟುಗಳು ತುಕ್ಕು ಹಿಡಿದು ಕೂತಿದ್ದವು. ಹುಡುಗ ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಹಾಕಿ ಜೋರಾಗಿ ಎಳೆದ, ಎರಡರ ತಲೆ ಸವೆದು ಗುಂಡಗಾಯಿತು, ಆಮೇಲೆ ಉಳಿ ಸುತ್ತಿಗೆ ತಗೊಂಡು ಹೊಡೆದು ಫ್ಲ್ಯಾಂಜಿನ (ಬೋಲ್ಟು ಕೂರುವ ಚಪ್ಪಟೆ ತಟ್ಟೆಯ) ಅಂಚನ್ನೇ ಕಚ್ಚು ಮಾಡಿಬಿಟ್ಟ.

ಅವನನ್ನು ಬೈದು ಏನು ಬಂತು? ಯಾರೂ ಹೇಳಿಕೊಟ್ಟಿಲ್ಲ. ಮೊದಲು ವೈರ್ ಬ್ರಷ್ಷಿನಲ್ಲಿ ಕೆಸರು ಕೆರೆದು, ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಟ್ಟು, ಆರು ಮೂಲೆಯ ಸಾಕೆಟ್ಟನ್ನು ಪೂರ್ತಿ ಕೂರಿಸಿ ತಿರುಗಿಸಿದರೆ ಹೆಚ್ಚಿನವು ಸುಮ್ನೆ ಬಿಚ್ಚಿಕೊಳ್ಳುತ್ತವೆ. ತಲೆ ಸವೆದೇ ಹೋಗಿದ್ದರೆ ಅದರ ಮೇಲೆ ಒಂದು ನಟ್ಟು ಇಟ್ಟು ವೆಲ್ಡ್ ಮಾಡಿ, ಆ ನಟ್ಟನ್ನೇ ಹಿಡಿದು ತಿರುಗಿಸಬೇಕು. ಆ ಕಾವಿಗೇ ತುಕ್ಕಿನ ಹಿಡಿತ ಸಡಿಲವಾಗುತ್ತದೆ. ಬ್ಯಾಟರಿ ವೈರ್ ಮಾತ್ರ ಮೊದಲೇ ಬಿಚ್ಚಿಡಿ.

ಹಳೆಯ ಬೋಲ್ಟನ್ನು ಮತ್ತೆ ಹಾಕಬೇಡಿ. ತಲೆ ಮೇಲೆ 10.9 ಅಂತ (ಅದು ಬೋಲ್ಟಿನ ಬಲದ ಗುರುತು) ಇದ್ದರೆ ಅದೇ ಗ್ರೇಡಿನದು ಬೇಕು. ಸಾದಾ ಬೋಲ್ಟು ಹಾಕಿ, ಅದು ಓಡುವಾಗ ತುಂಡಾಗಿ ಶಾಫ್ಟಿನ ಮುಂದಿನ ತುದಿ ರಸ್ತೆಗೆ ಕಚ್ಚಿಕೊಂಡರೆ ಗಾಡಿಯೇ ಮಗುಚಬಹುದು, ಅಲ್ವಾ? ಗ್ಯಾರೇಜಿನವರು ದಯವಿಟ್ಟು ಒಂದು ಸೆಟ್ ಆರು ಮೂಲೆಯ ಸಾಕೆಟ್ ತಂದಿಡಿ, ಹುಡುಗರ ಕೈಗೆ ಕೊಡಿ.

— ಓದುಗ, ಸಕಲೇಶಪುರ