ಮಸಾಲೆ ಜೊತೆ ಕೆಂಡದ ವಿಷಯಾನೂ ಹಾಕಿ

ಮಾನ್ಯ ಸಂಪಾದಕರೆ,

ಹೋದ ಭಾನುವಾರದ ಪುರವಣಿಯಲ್ಲಿ ಮನೇಲೇ ಬಾರ್ಬೆಕ್ಯೂ ಮಾಡೋದು ಹೇಗೆ ಅಂತ ಬಂದಿದ್ದನ್ನ ಓದಿ ಖುಷಿಯಾಯ್ತು, ಯಾಕಂದ್ರೆ ನಾನೂ ವಾರಕ್ಕೊಂದ್ಸಲ ಹಿತ್ತಲಲ್ಲಿ ಗ್ರಿಲ್ ಹಚ್ಚೋ ಅಪ್ಪ, ನಮ್ಮ ತೀರ್ಥಹಳ್ಳಿ ಕಡೆ ಈಗ ಅಡುಗೆ ಆಸೆ ಇರೋ ಅಪ್ಪಂದಿರು ಪ್ರತೀ ಊರಲ್ಲೂ ಸಿಗ್ತಾರೆ. ಆದ್ರೆ ಅದ್ರಲ್ಲಿ ಮಸಾಲೆ ಪಟ್ಟಿ ಅರ್ಧ ಪುಟ ಇತ್ತು, ಬೆಂಕಿ ಬಗ್ಗೆ ಇದ್ದಿದ್ದು 'ಇದ್ದಿಲು ಹೊತ್ತಿಸಿ' ಅಂತ ಎರಡೇ ಪದ. ಅದಕ್ಕೇ ಬರೀತಿದೀನಿ.

ಹೋದ ವರ್ಷ ಜುಲೈನಲ್ಲಿ ಮಗಳ ಹುಟ್ಟಿದಬ್ಬ, ಹೊರಗೆ ಧೋ ಅಂತ ಮಳೆ, ಕೋಳಿಗೆ ಮಸಾಲೆ ಹಚ್ಚಿಟ್ಟಾಗಿತ್ತು. ಗ್ರಿಲ್ ಎತ್ಕೊಂಡು ಕಾರ್ ಶೆಡ್ಡಿಗೆ ತಂದೆ, ಇರಚಲು ಹೊಡೀತದೆ ಅಂತ ಶಟರ್ ಮುಕ್ಕಾಲು ಇಳಿಸಿದೆ. ಹೊಗೆ ಇರ್ಲಿಲ್ಲ, ಕೆಂಡ ಚೆನ್ನಾಗಿ ಆಗಿತ್ತು, ಹಾಗಾಗಿ ಭಯಾನೂ ಆಗ್ಲಿಲ್ಲ. ಅರ್ಧ ಗಂಟೇಲಿ ಮಗಳು ತಲೆನೋವು ಅಂದ್ಲು, ವಾಂತಿ ಮಾಡ್ಕೊಂಡ್ಲು, ನನಗೂ ಕಾಲಲ್ಲಿ ಶಕ್ತಿನೇ ಇಲ್ಲ. ಮನೆಯವಳು ಬಂದು ಶಟರ್ ಎತ್ತಿ ಇಬ್ಬರನ್ನೂ ಹೊರಗೆ ಎಳ್ಕೊಂಡ್ಲು. ಆಮೇಲೆ ಡಾಕ್ಟ್ರು ಬಿಡಿಸಿ ಹೇಳಿದ್ರು, ಹೊಗೆ ನಿಂತ ಮೇಲೂ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರ್ತಾನೇ ಇರುತ್ತೆ, ಅದಕ್ಕೆ ಬಣ್ಣ ಇಲ್ಲ ವಾಸನೆ ಇಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡ್ಕೊಳುತ್ತೆ ಅಂತ. ಹಳೇ ಮನೆಗಳಲ್ಲಿ ಬಚ್ಚಲೊಲೆ ಉರೀತಿದ್ರೂ ಹೆಂಚಿನ ಸಂದಿಯಿಂದ ಗಾಳಿ ಆಡ್ತಿತ್ತು, ಈಗಿನ ಆರ್‌ಸಿಸಿ ಮನೇಲಿ, ಶೆಡ್ಡಲ್ಲಿ, ಗಾಜು ಹಾಕಿದ ವರಾಂಡದಲ್ಲಿ ಹಾಗಲ್ಲ. ಆಗುಂಬೆ ಕಡೆ ವರ್ಷಕ್ಕೆ 7000 ಮಿಮೀ ದಾಟಿ ಮಳೆ ಬೀಳೋ ಸೀಮೆ ನಮ್ದು, ಮಳೆ ಬಂತು ಅಂದ್ರೆ ಎಲ್ಲರ ಕೈಯೂ ಮೊದಲು ಗ್ರಿಲ್ ಒಳಗೆ ತರಕ್ಕೇ ಹೋಗೋದು. ತರ್ಲೇಬೇಡಿ, ಆವತ್ತು ಕೋಳಿ ಸಾರು ಮಾಡಿ ಕಡುಬಿನ ಜೊತೆ ತಿನ್ನಿ.

ಇಷ್ಟಾದ್ಮೇಲೂ ನಾನು ಗ್ರಿಲ್ ಬಿಟ್ಟಿಲ್ಲ, ಬಿಡೋದೂ ಇಲ್ಲ. ಕೆಂಡದ ಮುಂದೆ ನಿಂತಾಗ ಮಗಳು ಮೊಬೈಲ್ ಕೆಳಗಿಟ್ಟು ಅಡಿಕೆ ಹಾಳೇಲಿ ಗಾಳಿ ಹಾಕ್ತಾಳೆ, ಶಾಲೆ ವಿಷಯ ಎಲ್ಲಾ ತಾನಾಗೇ ಹೇಳ್ತಾಳೆ. ನಮ್ಮಪ್ಪ ಬಚ್ಚಲೊಲೆ ಕೆಂಡದಲ್ಲಿ ಹಲಸಿನ ಬೀಜ, ಒಣಮೀನು ಸುಟ್ಟು ಕೊಡುವಾಗ ಉರಿ ಇದ್ದಾಗ ಇಡಬಾರ್ದು ಕೆಂಡ ಆಗ್ಲಿ ಅಂತ ಕಾಯಿಸ್ತಿದ್ರು, ಗ್ರಿಲ್ಲಿಗೂ ಅದೇ ಲೆಕ್ಕ. ಇದ್ದಿಲ ಮೇಲೆ ಬಿಳಿ ಬೂದಿ ಕಟ್ಟೋ ತನಕ 20-30 ನಿಮಿಷ ಕಾಯ್ಬೇಕು, ಬೇಗ ಹತ್ತಲಿ ಅಂತ ಸೀಮೆಎಣ್ಣೆ ಪೆಟ್ರೋಲು ಸುರಿಯೋರನ್ನ ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ, ಭಗ್ ಅಂತ ಮುಖಕ್ಕೇ ಬಂದ್ರೆ ಏನ್ ಗತಿ. ಒಣಗಿದ ನಾಲ್ಕು ತೆಂಗಿನ ಕರಟ ಇದ್ದಿಲ ಕೆಳಗೆ ಇಟ್ಟು ಹಚ್ಚಿದ್ರೆ ಸಾಕು ತಾನಾಗೇ ಹತ್ತುತ್ತೆ. ಆಮೇಲೆ ಕೆಂಡ ಎಲ್ಲಾ ಒಂದು ಬದಿಗೆ ತಳ್ಳಿ ಇನ್ನೊಂದು ಬದಿ ಖಾಲಿ ಬಿಡಿ. ಕೋಳಿ ಕಾಲಿನ ಪೀಸನ್ನ ಖಾಲಿ ಬದಿಯಲ್ಲಿ ಮುಚ್ಚಳ ಮುಚ್ಚಿ ಅರ್ಧ ಗಂಟೆ ಮೇಲೆ ಬೇಯಿಸಿ, ಕೊನೇಲಿ ಕೆಂಡದ ಮೇಲೆ ತಂದು ಚರ್ಮ ಕೆಂಪು ಮಾಡಿ. ಮೊದಲೇ ಕೆಂಡದ ಮೇಲೆ ಇಟ್ರೆ ಕೊಬ್ಬು ತೊಟ್ಟಿಕ್ಕಿ ಉರಿ ಏಳುತ್ತೆ, ಹೊರಗೆ ಕರಿ, ಮೂಳೆ ಹತ್ರ ಹಸಿ. ಮಾಂಸದ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಬೇಕು, ಅಳೆಯೋ ಥರ್ಮಾಮೀಟರ್ ಒಂದು ಇಟ್ಕೊಳಿ. ಹಸಿ ಕೋಳಿ ನೆನೆಸಿದ ಮಸಾಲೇನ ಕೊನೇಲಿ ಮೇಲೆ ಸವರೋದು ಬೇಡ, ಸೂಜಿಮೆಣಸು, ಉಪ್ಪು, ಹುಳಿ ಅರೆದು ಒಂದು ಬಟ್ಲು ಮೊದಲೇ ಬೇರೆ ಎತ್ತಿಡಿ. ನಮ್ಮಮ್ಮ ಮಾಂಸ ಮುಟ್ಟಲ್ಲ, ಕೋಳಿ ಇಡೋಕೆ ಮುಂಚೆ ಅವರಿಗೆ ಗುಂಡು ಬದನೆ ಸುಟ್ಟು ಕೊಡ್ತೀನಿ, ಆ ಗೊಜ್ಜಿಗೆ ಗ್ಯಾಸ್ ಒಲೆ ಸಮ ಇಲ್ಲ.

ಇನ್ನೊಂದು, ಗ್ರಿಲ್ ಮಾಡ್ಸೋರು ಜಿಐ ಜಾಲರಿ ಹಾಕ್ಸಬೇಡಿ, ಅದ್ರ ಕಬ್ಬಿಣದ ಮೇಲಿರೋ ಸತುವಿನ ಲೇಪ ಜೋರಾಗಿ ಕಾದ್ರೆ ಕೆಟ್ಟ ಹೊಗೆ ಬರುತ್ತೆ, ಸ್ಟೀಲ್ ಹಾಕ್ಸಿ. ಸೌದೆಗೆ ಅಂತ ಬೇಸಿಗೆ ರಜೇಲಿ ಮಕ್ಕಳನ್ನ ಕಾಡೊಳಗೆ ಕರ್ಕೊಂಡು ಹೋಗ್ಬೇಡಿ, ಅದು ರಕ್ತ ಹೀರೋ ಉಣುಗಿನ ಕಾಲ, ಉಣುಗು ಕಚ್ಚಿ ಬರೋ ಮಂಗನಕಾಯಿಲೆ ನಮ್ಮ ಜಿಲ್ಲೆ ಸೊರಬದ ಕ್ಯಾಸನೂರು ಕಾಡಲ್ಲೇ 1957ರಲ್ಲಿ ಪತ್ತೆಯಾಗಿದ್ದು, ಇನ್ನೂ ಹೋಗಿಲ್ಲ. ದರಗು, ಅಂದ್ರೆ ಉದುರಿದ ಎಲೆ, ಒಣಗಿರೋವಾಗ ಕೆಂಡಕ್ಕೆ ನೀರು ಹಾಕಿ ಕೆದಕಿ ಕೈಯಿಟ್ಟು ತಣ್ಣಗಾಗಿದೆಯಾ ನೋಡದೇ ಒಳಗೆ ಹೋಗ್ಬೇಡಿ.

ಸಂಪಾದಕರೆ, ಇನ್ನು ಮುಂದೆ ಇಂಥ ಅಡುಗೆ ಹಾಕುವಾಗ 'ಇದ್ದಿಲನ್ನ ಮನೆ ಒಳಗೆ, ಶೆಡ್ಡಲ್ಲಿ ಉರಿಸಬೇಡಿ' ಅಂತ ಒಂದು ಸಾಲು ದಪ್ಪ ಅಕ್ಷರದಲ್ಲಿ ಹಾಕಿ, ಈ ಸಲದ ಮಳೆ ಹಿಡಿಯೋಕೆ ಮುಂಚೆ ಹಾಕಿದ್ರೆ ಇನ್ನೂ ಉಪಕಾರ.

ಇಂತಿ,
ನಿಮ್ಮ ಓದುಗ, ತೀರ್ಥಹಳ್ಳಿ ತಾಲೂಕು