ಬೆಳೆ ಬದಲಾಯಿತು, ಮನೆತನ ಬದಲಾಗಲಿಲ್ಲ

ಕೋಲಾರ

ಚಿ. ಮೊಮ್ಮಗಳಿಗೆ ತಾತನ ಆಶೀರ್ವಾದಗಳು.

ಗಿಡಮರ, ಪ್ರಾಣಿಗಳನ್ನು ವಿಂಗಡಿಸುವ ಏಳು ಹಂತಗಳನ್ನು ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎಂದು ಗಿಳಿಪಾಠ ಒಪ್ಪಿಸಿ ಸಾಕಾಯಿತೆಂದು ಫೋನಿನಲ್ಲಿ ಬೇಸರಪಟ್ಟುಕೊಂಡೆಯಲ್ಲ, ಆಗ ಸುಮ್ಮನಿದ್ದೆ. ಹೇಳಬೇಕಾದದ್ದು ಫೋನಿನಲ್ಲಿ ಮುಗಿಯುವಂಥದ್ದಾಗಿರಲಿಲ್ಲ.

ನೀನು ಹುಟ್ಟುವ ಮುಂಚೆ ಕೆರೆ ಕೆಳಗಿನ ಹೊಲದಲ್ಲಿ ಟೊಮೆಟೊ ಹಾಕಿದ್ದೆ. ಕಾಯಿ ಕಚ್ಚುವ ಹೊತ್ತಿಗೆ, ಎಲೆ ಇನ್ನೂ ಹಸಿರಾಗಿರುವಾಗಲೇ ಗಿಡಗಳು ಸೊರಗಿ ಬಿದ್ದವು. ಟೊಮೆಟೊ ಸಹವಾಸವೇ ಬೇಡವೆಂದು ಅದೇ ಮಣ್ಣಿಗೆ ಬದನೆ ನಾಟಿದೆ. ಅದೂ ಸೊರಗಿತು. ಮರುವರ್ಷ ಆಲೂಗಡ್ಡೆ ಹಾಕಿದೆ, ಅದೂ ಹೋಯಿತು. ನಿನ್ನ ಅಜ್ಜಿಯ ಓಲೆ ಗಿರವಿ ಅಂಗಡಿ ಸೇರಿತು. ಕೊನೆಗೆ ಕೃಷಿ ಓದಿದ ಹುಡುಗನೊಬ್ಬ ಬಂದು, ಸೊರಗಿದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟ. ಸ್ವಲ್ಪ ಹೊತ್ತಿನಲ್ಲೇ ಕೊಯ್ದ ತುದಿಯಿಂದ ಹಾಲಿನಂಥ ಎಳೆ ಜಾರಿತು. ‘ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ. ನೀವು ಬೆಳೆ ಬದಲಿಸಿದಿರಿ, ಮನೆತನ ಬದಲಿಸಲಿಲ್ಲ’ ಎಂದ.

ಅವನೇ ಟೊಮೆಟೊ, ಬದನೆಗಳ ಹೂ ಕಿತ್ತು ಅಂಗೈಯಲ್ಲಿಟ್ಟ. ಒಂದು ಹಳದಿ, ಒಂದು ನೇರಳೆ. ಬಣ್ಣ ಬೇರೆ, ಆದರೆ ಬುಡದಲ್ಲಿ ಕೂಡಿಕೊಂಡ ಎಸಳು, ನಡುವೆ ಕೋನಿನಂತೆ ಒತ್ತಿ ನಿಂತ ಕೇಸರಗಳು, ಎರಡರಲ್ಲೂ ಒಂದೇ ಕಟ್ಟಡ. ನಾನು ಕಾಯಿ ನೋಡಿ ಇವು ಬೇರೆ ಎಂದುಕೊಂಡಿದ್ದೆ. ಮೆಣಸಿನಕಾಯಿಯೂ ಹೊಗೆಸೊಪ್ಪೂ ಇದೇ ಕುಟುಂಬದವು. ಆಮೇಲೆ ಆ ಹೊಲಕ್ಕೆ ರಾಗಿ ಬಿತ್ತಿದೆ. ಅದು ಹುಲ್ಲಿನ ಕುಟುಂಬ. ಆ ರೋಗ ಅದರ ತಂಟೆಗೆ ಹೋಗಲಿಲ್ಲ. ರಾಗಿಯ ನಡುವಿನ ಅಕ್ಕಡಿ ಸಾಲಿಗೆ ಅವರೆ, ತೊಗರಿ. ಇವು ಬೇಳೆಕಾಳಿನ ಕುಟುಂಬ. ಇವುಗಳ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ. ನಮ್ಮ ಹಿರಿಯರು ಹೆಸರು ಹೇಳದೆಯೇ ಎರಡು ಕುಟುಂಬಗಳನ್ನು ಒಂದೇ ಹೊಲದಲ್ಲಿ ಕೂಡಿಸಿದ್ದರು. ಇದನ್ನು ನೆನೆದರೆ ಇಂದಿಗೂ ಮೈ ಪುಳಕವಾಗುತ್ತದೆ.

ಹೆಸರುಗಳು ಬದಲಾಗುತ್ತಲೇ ಇರುತ್ತವೆ ಎಂಬ ನಿನ್ನ ಸಿಟ್ಟಿಗೂ ಟೊಮೆಟೊವೇ ಉತ್ತರ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಅದನ್ನು ಬದನೆ, ಆಲೂಗಡ್ಡೆಗಳಿರುವ ಸೊಲ್ಯಾನಂ ಜಾತಿಗೇ ಸೇರಿಸಿದ್ದರು. ಮರುವರ್ಷವೇ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಫಿಲಿಪ್ ಮಿಲ್ಲರ್ ಅದಕ್ಕೆ ಲೈಕೊಪರ್ಸಿಕಾನ್ ಎಂಬ ಬೇರೆ ಜಾತಿ ಮಾಡಿ ಬೇರೆ ಮನೆ ಹೂಡಿಕೊಟ್ಟರು. ಎರಡು ಶತಮಾನ ದಾಟಿದ ಮೇಲೆ ಡಿಎನ್ಎ ಓದಿದವರು, ಆಲೂಗಡ್ಡೆಗೆ ಅದು ತೀರಾ ಹತ್ತಿರದ ನೆಂಟನೆಂದು ಕಂಡು ಮತ್ತೆ ಸೊಲ್ಯಾನಂಗೆ ಕರೆತಂದರು. ತಪ್ಪು ಕಂಡಾಗ ತಿದ್ದಿಕೊಳ್ಳುವ ಶಾಸ್ತ್ರವನ್ನು ನಾನು ಹೆಚ್ಚು ನಂಬುತ್ತೇನೆ. ಈಗ ನರ್ಸರಿಗಳಲ್ಲಿ ಬದನೆಯ ಬುಡಕ್ಕೆ ಟೊಮೆಟೊ ಕಸಿ ಕಟ್ಟುತ್ತಾರೆ, ಸೊರಗು ತಡೆಯುವ ಬದನೆಯ ಬೇರನ್ನು ಆರಿಸಿ. ನೆಂಟಸ್ತನ ಹತ್ತಿರದ್ದಾದ್ದರಿಂದಲೇ ಆ ಕಸಿ ಕೂಡುತ್ತದೆ.

ಹಾಗಾಗಿ ಏಳು ಹೆಸರುಗಳನ್ನು ಬಾಯಿಪಾಠ ಮಾಡುವ ಮೊದಲು ಒಂದು ಹೂವನ್ನು ಬಿಡಿಸಿ ನೋಡು ಮಗಳೇ. ಕೇಸರ ಎಣಿಸು, ಅಂಡಾಶಯವನ್ನು ಅಡ್ಡ ಕೊಯ್ದು ಕೋಣೆ ಎಣಿಸು. ಕಂಡದ್ದನ್ನು ನಿನ್ನ ಮಾತಿನಲ್ಲೇ ಬರೆದಿಡು.

ಯುಗಾದಿಗೆ ಬಾ. ಹಿತ್ತಲಿನ ಹೊಂಗೆ ಹೂ ಬಿಟ್ಟಿರುತ್ತದೆ. ಅವರೆ ಹೂಗಳನ್ನು ಹಳೆಯ ಪಂಚಾಂಗದ ನಡುವೆ ಒತ್ತಿಟ್ಟಿದ್ದೇನೆ. ಒಂದು ಮರ, ಒಂದು ಬಳ್ಳಿ, ಆದರೆ ಕುಟುಂಬ ಒಂದೇ. ಎರಡರ ಎಸಳನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ಇಂತಿ,
ನಿನ್ನ ತಾತ