‘ದಾಖಲೆ ಇಲ್ಲ’ ಎಂಬ ಹಿಂಬರಹ ಸಲ್ಲದು

ಮಾನ್ಯ ಸಂಪಾದಕರೇ,

ಅರಣ್ಯ ಹಕ್ಕು ಕೋರಿ ಹಾಡಿಗಳ (ಕಾಡಿನ ಬುಡಕಟ್ಟು ಜನವಸತಿಗಳ) ಜನ ಸಲ್ಲಿಸಿದ ಅರ್ಜಿಗೆ ‘ಸೂಕ್ತ ದಾಖಲೆ ಇಲ್ಲ’ ಎಂಬ ಒಂದು ಸಾಲಿನ ಹಿಂಬರಹ ಕೊಟ್ಟು ಕೈತೊಳೆದುಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ರೂಪಿಸಿದ 13ನೇ ನಿಯಮದಲ್ಲಿರುವ ಸಾಕ್ಷ್ಯಗಳ ಪೈಕಿ ಯಾವುದಾದರೂ ಎರಡಿದ್ದರೆ ಸಾಕು. ಮತದಾರರ ಪಟ್ಟಿ, ಪಡಿತರ ಚೀಟಿ ಮಾತ್ರವಲ್ಲ. ಹಳೆಯ ಬಾವಿ, ಸ್ಮಶಾನ, ದೇವರ ತಾಣ, ಕಟ್ಟಿದ ಬದು ಕೂಡ ಸಾಕ್ಷ್ಯವೇ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಒತ್ತುವರಿಗೆ ಹಿಂದೆ ದಂಡ ಕಟ್ಟಿದ ರಸೀದಿ ಇಲ್ಲವೆಂಬುದೊಂದನ್ನೇ ನೆಪ ಮಾಡಿ ತಿರಸ್ಕರಿಸಬಾರದು, ಉಪಗ್ರಹ ಚಿತ್ರ ಪೂರಕವಾಗಬಹುದೇ ಹೊರತು ಉಳಿದ ಸಾಕ್ಷ್ಯಗಳ ಬದಲಿಯಲ್ಲ ಎಂದು 2012ರಲ್ಲಿ ಸೇರಿದ 12ಎ ನಿಯಮ ಹೇಳುತ್ತದೆ. ಯಾವ ಕಾಗದವನ್ನೂ ಕೊಡದೆ ಒಕ್ಕಲೆಬ್ಬಿಸಿದ ಜನರನ್ನು ಈಗ ಕಾಗದ ಕೇಳಿದರೆ ಅವರು ಎಲ್ಲಿಂದ ತಂದಾರು?

ಎಡವಟ್ಟು ಶುರುವಾಗುವುದು ಅರ್ಜಿ ಮೊದಲು ಹೋಗುವ ಗ್ರಾಮಸಭೆಯಲ್ಲೇ. ಹಾಡಿಗೇ ಪ್ರತ್ಯೇಕ ಸಭೆ ನಡೆಸಬಹುದಾಗಿದ್ದರೂ ಇಡೀ ಪಂಚಾಯಿತಿಗೆ ಒಂದೇ ಸಭೆ ಕರೆದರೆ, ಕಾಡಿನೊಳಗಿನ ಮೂವತ್ತು ಮನೆಗಳ ದನಿ ಅಲ್ಲಿ ಅಡಗಿಹೋಗುತ್ತದೆ. ಇನ್ನೊಂದು ಗೊಂದಲ, 75 ವರ್ಷದಿಂದ ನೆಲೆಸಿರಬೇಕೆಂಬ ಷರತ್ತಿನದು. ಅದು ಪರಿಶಿಷ್ಟ ಪಂಗಡಕ್ಕೆ ಅನ್ವಯಿಸದು. ಇತರ ಪಾರಂಪರಿಕ ಅರಣ್ಯವಾಸಿಗಳಿಗೂ ಅದು ಅರಣ್ಯವಾಸದ ಅವಧಿಯೇ ಹೊರತು ಅದೇ ತುಂಡು ಭೂಮಿಯ ಸ್ವಾಧೀನದ ಅವಧಿಯಲ್ಲ. ಸ್ವಾಧೀನಕ್ಕೆ ಇರುವ ಗಡುವು 13 ಡಿಸೆಂಬರ್ 2005.

ತಿರಸ್ಕಾರಕ್ಕೆ ಕಾರಣ ಬರೆದು, ಅರ್ಜಿದಾರರಿಗೆ ಖುದ್ದಾಗಿ ತಲುಪಿಸಬೇಕು. ಮೇಲ್ಮನವಿಗೆ 60 ದಿನ ಕಾಲಾವಕಾಶವಿದೆ. ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಒಕ್ಕಲೆಬ್ಬಿಸಬಾರದು ಎನ್ನುತ್ತದೆ ಕಾಯ್ದೆಯ 4(5)ನೇ ಕಲಂ. ತಿರಸ್ಕೃತರನ್ನು ತೆರವುಗೊಳಿಸಬೇಕೆಂದು 2019ರ ಫೆಬ್ರುವರಿ 13ರಂದು ಹೇಳಿದ ಸುಪ್ರೀಂ ಕೋರ್ಟ್, ಅದೇ ತಿಂಗಳ 28ರಂದು ಆ ಆದೇಶವನ್ನು ತಡೆಹಿಡಿದು, ತಿರಸ್ಕಾರದ ಪ್ರಕ್ರಿಯೆ ಹೇಗೆ ನಡೆಯಿತೆಂದು ರಾಜ್ಯಗಳಿಂದ ವಿವರ ಕೇಳಿತು.

ಇದು ಸರ್ಕಾರ ಕೊಡುವ ಭಿಕ್ಷೆಯಲ್ಲ. ಬುಡಕಟ್ಟು ಜನರು ಪರಂಪರೆಯಿಂದ ನೆಲೆಸಿರುವ ನೆಲದ ಒಡೆತನವನ್ನು, ಸಾಮೂಹಿಕ ಒಡೆತನವನ್ನೂ ಸೇರಿಸಿ, ಒಪ್ಪಬೇಕೆನ್ನುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 107ನೇ ಒಪ್ಪಂದಕ್ಕೆ ಭಾರತ 1958ರಲ್ಲೇ ಬದ್ಧವಾಗಿದೆ. ಅದನ್ನು ಪರಿಷ್ಕರಿಸಿ ಬಂದ 169ನೇ ಒಪ್ಪಂದವನ್ನು ಇನ್ನೂ ಅನುಮೋದಿಸಿಲ್ಲ, ಅನುಮೋದಿಸಬೇಕು. ಮೂಲನಿವಾಸಿಗಳ ಹಕ್ಕುಗಳ ಕುರಿತ 2007ರ ವಿಶ್ವಸಂಸ್ಥೆ ಘೋಷಣೆಯ ಪರವಾಗಿಯೂ ಭಾರತ ಮತ ಹಾಕಿದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಹಕ್ಕು ಸಿಕ್ಕಿದೆ. ಅಲ್ಲಿ ಆದದ್ದು ಉಳಿದ ಹಾಡಿಗಳಲ್ಲೂ ಆಗಲಿ. ಗ್ರಾಮಸಭೆಯಿಂದ ಬಂದ ಅರ್ಜಿಗಳನ್ನು ಪರಿಶೀಲಿಸುವ ಉಪವಿಭಾಗ ಮಟ್ಟದ ಸಮಿತಿಗಳು ಒಂದು ಸಾಲಿನಲ್ಲಿ ತಿರಸ್ಕರಿಸಿದ ಪ್ರತಿ ಅರ್ಜಿಯನ್ನೂ ಮರುಪರಿಶೀಲನೆಗೆ ಗ್ರಾಮಸಭೆಗೆ ಹಿಂದಿರುಗಿಸಬೇಕು.